ಸುಲಭ್ ಗ್ರಾಮದ ಕಕ್ಕಸು ಮ್ಯೂಸಿಯಂ

ದೆಹಲಿಯ ದಶರಥಪುರಿ ಸ್ಟೇಷನ್ನಿನಲ್ಲಿ ಮೆಟ್ರೋ ಇಳಿದು ಆಟೋ ಹತ್ತಿದೆ. ಪಾಲಂ–ದಾಬ್ರಿ ರಸ್ತೆಯ ಸುಲಭ್ ಗ್ರಾಮ ಅಂದಿದ್ದೇ ತಡ, ಗೇಟಿನ ಮುಂದೆ ತಂದು ಇಳಿಸಿದರು. ಕಕ್ಕಸಿನ ಚರಿತ್ರೆಗೆಂದೇ ಇರುವ ಮ್ಯೂಸಿಯಂ ಇಲ್ಲಿದೆ. 1992ರಲ್ಲಿ ಇದನ್ನು ಶುರು ಮಾಡಿದವರು ಬಿಂದೇಶ್ವರ್ ಪಾಠಕ್. ಪೇಟೆಗಳಲ್ಲಿ ನಾವೆಲ್ಲ ನೋಡಿರುವ ‘ಸುಲಭ ಶೌಚಾಲಯ’ ಬೋರ್ಡು ಇದೆಯಲ್ಲ, ಆ ಸಂಸ್ಥೆಯನ್ನು 1970ರಲ್ಲಿ ಬಿಹಾರದಲ್ಲಿ ಕಟ್ಟಿದವರೂ ಇವರೇ.

ಮ್ಯೂಸಿಯಂ ಅಂದರೆ ಒಂದು ಹಾಲ್ ಅಷ್ಟೇ. ಗೋಡೆ ತುಂಬ ಚಿತ್ರ, ಬರಹ. ಕಥೆ ಶುರುವಾಗುವುದು ಸಿಂಧೂ ಬಯಲಿನಿಂದ. ಸುಮಾರು 4500 ವರ್ಷಗಳ ಹಿಂದೆಯೇ ಮೊಹೆಂಜೊದಾರೊ, ಲೋಥಲ್‌ನಲ್ಲಿ ಮನೆಯ ಬಚ್ಚಲ ನೀರು ಇಟ್ಟಿಗೆಯ ಚರಂಡಿಗೆ ಸೇರುತ್ತಿತ್ತು. ಆ ಚರಂಡಿಗಳಿಗೆ ಮುಚ್ಚಳವೂ ಇತ್ತು. ನಮ್ಮ ಎಷ್ಟೋ ಬೀದಿಗಳಲ್ಲಿ ಇವತ್ತಿಗೂ ಇಲ್ಲ.

ಆಮೇಲೆ ಯುರೋಪು. ಫ್ರಾನ್ಸಿನ ದೊರೆ ಹದಿನಾಲ್ಕನೇ ಲೂಯಿಯ ಸಿಂಹಾಸನದ ಪ್ರತಿಕೃತಿ ಎದುರಿಗೇ ಇದೆ. ಕೂರುವ ಜಾಗದ ಕೆಳಗೇ ಕಮೋಡು. ಅಲ್ಲಿ ಕೂತೇ ದೊರೆ ಜನರನ್ನು ಮಾತಾಡಿಸುತ್ತಿದ್ದ. ದಪ್ಪ ಪುಸ್ತಕಗಳನ್ನು ಒಂದರ ಮೇಲೊಂದು ಪೇರಿಸಿಟ್ಟಂತೆ ಕಾಣುವ ಇನ್ನೊಂದು ಕಮೋಡಿದೆ. ಬೇಟೆಗೆ ಹೋಗುವಾಗ ಜೊತೆಗೆ ಒಯ್ಯುತ್ತಿದ್ದ, ನೋಡಲು ಖಜಾನೆ ಪೆಟ್ಟಿಗೆಯಂತಿರುವ ಒಂದೂ ಇದೆ. ಇಂಗ್ಲೆಂಡಿನ ಜಾನ್ ಹ್ಯಾರಿಂಗ್ಟನ್ 1596ರಲ್ಲೇ ನೀರು ಬಿಟ್ಟು ತೊಳೆಯುವ ಕಕ್ಕಸಿನ ವಿವರ ಬರೆದ. ರಾಣಿ ಎಲಿಜಬೆತ್‌ಗೂ ಒಂದು ಮಾಡಿಕೊಟ್ಟ. ಆದರೆ ವಾಸನೆಯ ಕಾಟ ತಪ್ಪಿದ್ದು 1775ರಲ್ಲಿ, ಅಲೆಕ್ಸಾಂಡರ್ ಕಮಿಂಗ್ ಪೈಪನ್ನು ಬಾಗಿಸಿದ ಮೇಲೆ. ಆ ಬಾಗಿನಲ್ಲಿ ಸ್ವಲ್ಪ ನೀರು ನಿಲ್ಲುತ್ತೆ. ಕೆಳಗಿನ ವಾಸನೆ ಆ ನೀರನ್ನು ದಾಟಿ ಮೇಲೆ ಬರೋದಿಲ್ಲ. ನಮ್ಮ ಮನೆಯ ಬೇಸಿನ್ ಅಡಿಯಲ್ಲೂ ಇರುವುದು ಅದೇ ಉಪಾಯ.

ಹೂವಿನ ಚಿತ್ರ ಬರೆದ ಪಿಂಗಾಣಿ ಪಾತ್ರೆಗಳು ನಿಜಕ್ಕೂ ಚೆಂದ. ನೋಡ್ತಾ ನೋಡ್ತಾ ನನ್ನ ತಲೆಯಲ್ಲಿ ಬೇರೆ ಪ್ರಶ್ನೆ ಕೊರೆಯತೊಡಗಿತು. ಬೆಳಿಗ್ಗೆ ಎದ್ದು ಇವನ್ನೆಲ್ಲ ಹೊರಗೆ ಒಯ್ದು ಚೆಲ್ಲುತ್ತಿದ್ದವರು ಯಾರು? ಅವರ ಚಿತ್ರ ಎಲ್ಲಿ? ತೋರಿಸಲು ಬಂದಿದ್ದ ಹುಡುಗನನ್ನು ಕೇಳಿದೆ. ‘ಬನ್ನಿ ಸಾರ್, ಅದು ಹೊರಗಿದೆ’ ಎಂದು ಹಿಂದಿಯಲ್ಲಿ ಹೇಳಿ ಅಂಗಳಕ್ಕೆ ಕರೆದುಕೊಂಡು ಹೋದ.

ಅಂಗಳದಲ್ಲಿ ಎರಡು ಗುಂಡಿಯ ಕಕ್ಕಸುಗಳ ಮಾದರಿಗಳಿವೆ. ನನ್ನ ಮಟ್ಟಿಗೆ ಇಡೀ ಜಾಗದಲ್ಲಿ ನೋಡಲೇಬೇಕಾದ್ದು ಇದೇ. ಪ್ಯಾನಿನ ಇಳಿಜಾರು ಜಾಸ್ತಿ. ಹಾಗಾಗಿ ಒಂದೂವರೆ, ಎರಡು ಲೀಟರ್ ನೀರು ಹಾಕಿದರೆ ಸಾಕು. ಹಿಂದೆ ಕಾಲುವೆ ಎರಡಾಗಿ ಕವಲೊಡೆದು ಎರಡು ಗುಂಡಿಗೆ ಹೋಗುತ್ತೆ. ಒಂದು ಕವಲನ್ನು ಮುಚ್ಚಿರುತ್ತಾರೆ. ಗುಂಡಿಯ ಗೋಡೆಯಲ್ಲಿ ಇಟ್ಟಿಗೆಗಳ ಮಧ್ಯೆ ಸಂದು ಬಿಟ್ಟಿರುವುದರಿಂದ ನೀರು, ಗ್ಯಾಸ್ ಎರಡೂ ಮಣ್ಣಿಗೆ ಇಳಿಯುತ್ತವೆ. ಮೊದಲ ಗುಂಡಿ ತುಂಬಿದಾಗ ಇನ್ನೊಂದಕ್ಕೆ ತಿರುಗಿಸಬೇಕು. ಮುಚ್ಚಿಟ್ಟ ಗುಂಡಿ ಎರಡು ವರ್ಷದಲ್ಲಿ ಒಣಗಿ ಗೊಬ್ಬರವಾಗುತ್ತೆ. ಹಸಿ ಮಲವನ್ನು ಯಾರೂ ಮುಟ್ಟಬೇಕಾಗಿಯೇ ಇಲ್ಲ. ಆ ಹುಡುಗ ಒಣಗಿದ ಹೆಂಟೆಯೊಂದನ್ನು ನನ್ನ ಅಂಗೈಯಲ್ಲಿಟ್ಟ. ಹಗುರವಾಗಿತ್ತು, ಗಟ್ಟಿಯಿತ್ತು. ಮೂಗಿನ ಹತ್ತಿರ ಹಿಡಿದರೂ ವಾಸನೆ ಇಲ್ಲ.

ಪಾಠಕರು ಹೇಳುತ್ತಿದ್ದ ಬಾಲ್ಯದ ಕಥೆ ಇಲ್ಲಿ ನೆನಪಾಗುತ್ತೆ. ಮಲ ಹೊರುವ ಹೆಂಗಸೊಬ್ಬಳನ್ನು ಹುಡುಗನಾಗಿದ್ದಾಗ ಮುಟ್ಟಿದ್ದಕ್ಕೆ ಅಜ್ಜಿ ಅವರಿಗೆ ಸಗಣಿ, ಗಂಜಲ, ಗಂಗಾಜಲ ಕೊಟ್ಟು ‘ಶುದ್ಧಿ’ ಮಾಡಿಸಿದ್ದರು. ಅದೇ ಬ್ರಾಹ್ಮಣ ಹುಡುಗ ಮುಂದೆ ಜೀವನವನ್ನೆಲ್ಲ ಕಕ್ಕಸಿಗೇ ಕೊಟ್ಟ. 2023ರ ಆಗಸ್ಟ್ 15ರಂದು ದೆಹಲಿಯಲ್ಲಿ ಬಾವುಟ ಹಾರಿಸಿದ ಸ್ವಲ್ಪ ಹೊತ್ತಿಗೆ ಪಾಠಕರು ತೀರಿಕೊಂಡರು. ರಾಜಸ್ಥಾನದ ಅಲ್ವರ್‌ನಲ್ಲಿ ಮಲ ಹೊರುತ್ತಿದ್ದ ಹೆಂಗಸರಿಗೆ ಅವರ ಸಂಸ್ಥೆ ಹೊಲಿಗೆ, ಹಪ್ಪಳ, ಉಪ್ಪಿನಕಾಯಿ ಕೆಲಸ ಕಲಿಸಿತು. ಅವರಲ್ಲಿ ಒಬ್ಬರಾದ ಉಷಾ ಚೌಮರ್ ಅವರಿಗೆ 2020ರಲ್ಲಿ ಪದ್ಮಶ್ರೀ ಬಂತು. ಮ್ಯೂಸಿಯಂ ಹಾಲ್‌ನೊಳಗಿನ ಎಲ್ಲ ದೊರೆಗಳಿಗಿಂತ ನನಗೆ ದೊಡ್ಡವರಾಗಿ ಕಂಡದ್ದು ಈಕೆ.

ನಮ್ಮ ಕಡೆಯ ಕಥೆಯೂ ಇದಕ್ಕೆ ಸೇರಬೇಕು. ತಲೆಯ ಮೇಲೆ ಮಲ ಹೊರುವುದನ್ನು 1970ರ ದಶಕದಲ್ಲೇ ನಿಷೇಧಿಸಿದವರು ಅರಸು ಸರ್ಕಾರದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪ. ಸಂಸತ್ತು ಇದಕ್ಕೆ ಕಾನೂನು ಮಾಡಿದ್ದು 1993ರಲ್ಲಿ. ಆದರೂ 2010ರಲ್ಲಿ ಸವಣೂರಿನಲ್ಲಿ ಈ ಕೆಲಸ ಮಾಡುತ್ತಿದ್ದ ಜನ ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಬೇಕಾಯಿತು. ಆ ಸುದ್ದಿ ಓದಿದಾಗಿನ ಸಂಕಟ ನನಗಿನ್ನೂ ಹೋಗಿಲ್ಲ. ಬಸವಲಿಂಗಪ್ಪನವರದ್ದೊಂದು ಫೋಟೋ ಇಂಥ ಕಡೆ ಇರಬೇಕಿತ್ತು ಅನ್ನಿಸಿತು.

ಸುಲಭ್ ಗ್ರಾಮದ ಸಾರ್ವಜನಿಕ ಶೌಚಾಲಯಕ್ಕೆ ಬಯೋಗ್ಯಾಸ್ ಸ್ಥಾವರವನ್ನೂ ಜೋಡಿಸಿದ್ದಾರೆ. ಆ ಗ್ಯಾಸಿನಲ್ಲಿ ಅಡುಗೆ ಮಾಡುತ್ತಾರೆ, ದೀಪ ಉರಿಸುತ್ತಾರೆ.

ನೀವು ಹೋದರೆ ಹಾಲ್ ನೋಡಿ, ಫೋಟೋ ತೆಗೆದುಕೊಂಡು ಹಾಗೇ ವಾಪಸ್ ಬರಬೇಡಿ. ಅಂಗಳದ ಮಾದರಿಗಳನ್ನು ತೋರಿಸಿ ಅಂತ ಕೇಳಿ. ಸುಮ್ನೆ ತೋರಿಸಿ ಮುಗಿಸಲ್ಲ, ಬಿಡಿಸಿ ಹೇಳ್ತಾರೆ. ಊರಲ್ಲಿ ಮನೆ ಕಟ್ಟಿಸುವವರಿದ್ದರೆ ಗುಂಡಿಯ ಅಳತೆ, ಇಟ್ಟಿಗೆ ಜೋಡಣೆ, ಖರ್ಚು ಎಲ್ಲ ಬರೆದುಕೊಂಡು ಬನ್ನಿ.