ಅಪ್ಪನ ಕ್ಯಾಸೆಟ್ ಡಬ್ಬ

ನಿನ್ನೆ ರಾತ್ರಿ ಆ್ಯಪ್‌ನಲ್ಲಿ ಒಂದು ಹಳೆಯ ಭಾವಗೀತೆ ಹುಡುಕಿದೆ. ವರ್ಷಗಟ್ಟಲೆ ನನ್ನ ಪ್ಲೇಲಿಸ್ಟ್‌ನಲ್ಲೇ ಇದ್ದ ಹಾಡು, ಈಗ ಬೂದು ಬಣ್ಣಕ್ಕೆ ತಿರುಗಿದೆ, ಒತ್ತಿದರೆ 'ಲಭ್ಯವಿಲ್ಲ'. ಹಕ್ಕಿನ ಒಪ್ಪಂದ ಮುಗಿದರೆ ಹಾಡನ್ನು ಎತ್ತಿಬಿಡ್ತಾರಂತೆ. ತಿಂಗಳು ತಿಂಗಳು ದುಡ್ಡು ಕಟ್ಟೋದು ನಾನು, ಹಾಡು ಮಾತ್ರ ನನ್ನದಲ್ಲ!

ಸಿಟ್ಟಲ್ಲಿ ಅಟ್ಟ ಹತ್ತಿ ಅಪ್ಪನ ಕ್ಯಾಸೆಟ್ ಡಬ್ಬ ಇಳಿಸಿದೆ. ಎಲ್ಲದರ ಮೇಲೂ ಅಪ್ಪನ ದುಂಡು ಅಕ್ಷರ, ನೀಲಿ ಇಂಕು. ನನಗೆ ಬೇಕಾದ ಹಾಡು ಒಂದು ಸಿ-60ಯಲ್ಲಿ ಸಿಕ್ಕಿತು, ಅಂದರೆ ಒಂದು ಕಡೆಗೆ 30 ನಿಮಿಷ, ಹಾಗಾಗಿ ಕೊನೆಯ ಹಾಡು ಚರಣದ ಮಧ್ಯದಲ್ಲೇ ಕಟ್. ಮೇಲೆ ಯಾರೂ ಬೇರೆ ಏನೂ ರೆಕಾರ್ಡ್ ಮಾಡಬಾರದು ಅಂತ ಅಂಚಿನ ಪುಟ್ಟ ಪ್ಲಾಸ್ಟಿಕ್ ಚೂರನ್ನು ಅಪ್ಪ ಮುರಿದಿದ್ದಾರೆ. ಇನ್ನೊಂದು ಕ್ಯಾಸೆಟ್‌ನಲ್ಲಿ ಅದೇ ತೂತಿಗೆ ಸೆಲ್ಲೋಟೇಪ್ ಅಂಟಿಸಿ ಕ್ರಿಕೆಟ್ ಕಾಮೆಂಟರಿ ರೆಕಾರ್ಡ್ ಮಾಡಿ ಬೈಸಿಕೊಂಡವನು ನಾನೇ, ಅದು ಬೇರೆ ಕತೆ.

ಕ್ಯಾಸೆಟ್ಟೇನು ಶಾಶ್ವತ ಅಲ್ಲ, ಎರಡಕ್ಕೆ ಬೂಷ್ಟು ಹಿಡಿದಿತ್ತು. ಟೇಪ್ ರೆಕಾರ್ಡರ್ ಬೆಲ್ಟ್ ಸಡಿಲವಾಗಿತ್ತು, ಇವತ್ತು ಎಸ್.ಪಿ. ರೋಡಿಗೆ ಹೋಗಿ ಹೊಸದು ತಂದು ಹಾಕಿದೆ. ಪೆನ್ಸಿಲ್ ತೂರಿಸಿ ಟೇಪು ಸುತ್ತಿದೆ. ಆ ಬೆರಳಿನ ಅಭ್ಯಾಸ ಇನ್ನೂ ಹೋಗಿಲ್ಲ ನೋಡಿ.

ರೇಡಿಯೊ ಮುಂದೆ ಟೇಪ್ ರೆಕಾರ್ಡರ್ ಇಟ್ಟು ರೆಕಾರ್ಡ್ ಮಾಡಿದ್ದಲ್ವಾ, ಬರೀ ಸುಯ್ ಅನ್ನೋ ಸದ್ದು. ಪಲ್ಲವಿ ಮುಗಿಯುತ್ತಿದ್ದ ಹಾಗೇ ಅಮ್ಮನ ದನಿ: "ರೀ, ಹಾಲು ಉಕ್ತಿದೆ!" ಪಕ್ಕದಲ್ಲೇ ಕೂತಿದ್ದ ಅಮ್ಮ ತಟ್ಟನೆ ಒಲೆ ಕಡೆ ತಿರುಗಿ ನೋಡಿದರು.