ಕಕ್ಕಡದಲ್ಲಿ ನಿದ್ದೆ ಬರದವರು

ನಮ್ಮ ಕೊಡಗಲ್ಲಿ ಕಕ್ಕಡ, ಅಂದ್ರೆ ಜುಲೈ-ಆಗಸ್ಟಿನ ಜೋರು ಮಳೆ ತಿಂಗಳು, ಬಂತು ಅಂದ್ರೆ ಮದ್ದುಸೊಪ್ಪಿನ ಪಾಯಸ, ಏಡಿ ಸಾರು, ಕಣಿಲೆ ಅಂತ ಸ್ಟೇಟಸ್ ತುಂಬಾ ಫೋಟೋನೇ, ಅದೆಲ್ಲ ಚೆಂದವೇ, ಆದ್ರೆ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ ಕಡೆ ರಾತ್ರಿ ಜೋರಾಗಿ ಮಳೆ ಹಿಡಿದ್ರೆ ಲೈಟ್ ಹಾಕ್ಕೊಂಡು ಎದ್ದು ಕೂರೋರು ಇನ್ನೂ ಇದಾರೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿದ್ದನ್ನ ಕಣ್ಣಾರೆ ಕಂಡವರು.

ನಮಗೆ ಗೊತ್ತಿರೋ ಒಬ್ಬ ಅಕ್ಕ, ಮನೆ ಉಳೀತು ಅವರದ್ದು, ಕಾಫಿ ತೋಟ ಹೋಯ್ತು. ಜುಲೈ ಬಂದ್ರೆ ಬಾಗಿಲ ಹಿಂದೆ ಒಂದು ಬ್ಯಾಗ್ ರೆಡಿ: ರೇಷನ್ ಕಾರ್ಡ್, ಆರ್‌ಟಿಸಿ, ಬಿಪಿ ಮಾತ್ರೆ, ಟಾರ್ಚು. ಚಪ್ಪಲಿ ಮಂಚದ ಪಕ್ಕದಲ್ಲೇ. ಅದನ್ನ ನಾನು ಕಾಯಿಲೆ ಅನ್ನಲ್ಲ, ನಮ್ಮೂರಲ್ಲಿ ಅದು ಬುದ್ಧಿವಂತಿಕೆ. ಆದ್ರೆ ರಸ್ತೇಲಿ ಟಿಪ್ಪರ್ ಜಲ್ಲಿ ಸುರಿದ್ರೆ ಅವರ ಕೈ ನಡುಗುತ್ತೆ, ಅನ್ನ ಗಂಟಲಲ್ಲಿ ಇಳಿಯಲ್ಲ. ಅದು ಟಿಪ್ಪರ್ ಅಂತ ಅವರಿಗೂ ಗೊತ್ತು, ಗೊತ್ತಿದ್ರೂ ನಡುಗುತ್ತೆ.

ಇದನ್ನೇ ಟ್ರಾಮಾ ಅನ್ನೋದು. ಮೆದುಳಲ್ಲಿ ಅಮಿಗ್ಡಲಾ ಅಂತ ಒಂದು ಭಾಗ ಇದೆ, ಅಪಾಯ ಅಂತ ಅನ್ನಿಸಿದ ತಕ್ಷಣ ನಾವು ಯೋಚನೆ ಮಾಡೋಕೂ ಮೊದ್ಲೇ ಅದು ಮೈನ ಎಬ್ಬಿಸಿಬಿಡುತ್ತೆ, ಎದೆ ಹೊಡ್ಕೊಳ್ಳುತ್ತೆ, ಬೆವರು ಬರುತ್ತೆ. ಅವತ್ತಿನ ಸದ್ದು, ಹಸಿಮಣ್ಣಿನ ವಾಸನೆ ಇವೆಲ್ಲ ಅದರ ಲೆಕ್ಕದಲ್ಲಿ ಅಪಾಯಾನೇ, ವರ್ಷ ಎಷ್ಟು ಕಳೀತು ಅನ್ನೋದು ಅದಕ್ಕೆ ಬೇಕಿಲ್ಲ. ಅದಕ್ಕೇ ಕೆಟ್ಟ ಕನಸು, ಸಣ್ಣದಕ್ಕೆಲ್ಲ ಸಿಟ್ಟು, ಆ ದಾರೀಲೇ ಹೋಗದೆ ಇರೋದು, ಮಕ್ಕಳು ಮತ್ತೆ ಹಾಸಿಗೆ ಒದ್ದೆ ಮಾಡೋದು. ಹೆಚ್ಚಿನವರಿಗೆ ಕೆಲವು ವಾರದಲ್ಲಿ ತಾನೇ ಇಳಿಯುತ್ತೆ. ತಿಂಗಳು ದಾಟಿದ್ರೂ ಹೀಗೇ ಇದ್ದು ದಿನದ ಕೆಲಸಾನೇ ನಡೀದೆ ಹೋದ್ರೆ ಪಿಟಿಎಸ್‌ಡಿ, ಅಂದ್ರೆ ಆಘಾತ ಆದ್ಮೇಲೂ ಬಿಡದೆ ಕಾಡೋ ಮಾನಸಿಕ ಕಾಯಿಲೆ, ಇರಬಹುದು ಅಂತ ಡಾಕ್ಟರ್ ನೋಡ್ತಾರೆ.

ಆ ಹೆಸರು ಅಮೆರಿಕದ ಮನೋವೈದ್ಯರು ಕಾಯಿಲೆಗಳನ್ನ ಪಟ್ಟಿ ಮಾಡೋ ಪುಸ್ತಕಕ್ಕೆ ಸೇರಿದ್ದು 1980ರಲ್ಲಿ, ಅದಕ್ಕೆ ದೊಡ್ಡ ಕಾರಣ ವಿಯೆಟ್ನಾಂ ಯುದ್ಧದಿಂದ ವಾಪಸ್ ಬಂದ ಸೈನಿಕರು. ಮನೆಗೊಬ್ಬ ಮಿಲಿಟರಿಯವನು ಅನ್ನೋ ನಮ್ಮ ಜಿಲ್ಲೇಲಿ ಇದು ಎಲ್ಲರಿಗೂ ಗೊತ್ತಿರಬೇಕಿತ್ತು, ಆದ್ರೆ ಇಲ್ಲಿ ‘ಕೊಡಗಿನವನಾಗಿ ಹೆದರ್ತೀಯಾ’ ಅನ್ನೋದೇ ಔಷಧಿ. ಗಂಡಸರು ಹೇಳಲ್ಲ, ಸಂಜೆ ಎರಡು ಪೆಗ್ ಜಾಸ್ತಿ ಹಾಕ್ತಾರೆ ಅಷ್ಟೇ.

ಮತ್ತೆ ಈ ಮೈಕ್ ಹಿಡ್ಕೊಂಡು ‘ಏನಾಯ್ತು, ಹೇಗನಿಸ್ತು’ ಅಂತ ಕೆದಕೋದು! ಬಲವಂತವಾಗಿ ಎಲ್ಲಾ ಹೇಳಿಸೋದ್ರಿಂದ ಗುಣ ಆಗಲ್ಲ, ವಿಶ್ವ ಆರೋಗ್ಯ ಸಂಸ್ಥೇನೂ ಅದು ಬೇಡ ಅಂತಲೇ ಹೇಳುತ್ತೆ. ಮೊದ್ಲು ಒಣಬಟ್ಟೆ, ಬಿಸಿ ಕಾಫಿ, ಮನೆಯವರು ಎಲ್ಲಿದಾರೆ ಅಂತ ಹುಡುಕಿಕೊಡೋದು, ಅವರಾಗೇ ಮಾತಾಡಿದ್ರೆ ಕೇಳೋದು. ಮುಂದೆ ಬೇಕಾದ್ರೆ ಇದಕ್ಕೇ ಅಂತ ಥೆರಪಿ ಇದೆ, ಎಷ್ಟೋ ಜನಕ್ಕೆ ಕೆಲಸ ಮಾಡುತ್ತೆ.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416, ಫ್ರೀ, ಕನ್ನಡದಲ್ಲೇ ಮಾತಾಡಬಹುದು. ಮಳೆ ಜೋರಾದ್ಮೇಲೆ ಇಲ್ಲಿ ಕರೆಂಟೂ ಇರಲ್ಲ ಟವರೂ ಇರಲ್ಲ, ಮಾಡೋದಿದ್ರೆ ಈಗ್ಲೇ ಮಾಡಿ.