ಹಿಮ್ಮಡಿಯ ನಾಲ್ಕು ಹನಿ ರಕ್ತ

ಮಗಳಿಗೆ ಮೊನ್ನೆ ಮೂರು ತಿಂಗಳು ತುಂಬಿತು. ಈಗ ಓಣಿಗೆಲ್ಲ ಕೇಳುವಂತೆ ಅಳುತ್ತಾಳೆ. ಅವಳು ಅತ್ತಾಗಲೆಲ್ಲ ನನಗೆ ಜೀವಕ್ಕೆ ಸಮಾಧಾನ.

ಹೆರಿಗೆ ಆಗಿದ್ದು ಹುಬ್ಬಳ್ಳಿಯಲ್ಲಿ. ನಾರ್ಮಲ್, ಮರುದಿನವೇ ಡಿಸ್ಚಾರ್ಜ್. ಹೊರಡುವಾಗ ನರ್ಸ್ ಅಕ್ಕ, "ಮೂರನೇ ದಿನಕ್ಕ ಕೂಸಿನ್ನ ಕರ್ಕೊಂಡು ಬರ್ರಿ, ಹಿಮ್ಮಡದ ರಕ್ತ ತಗೋಬೇಕು" ಅಂದರು. ಹುಟ್ಟಿನಿಂದಲೇ ಥೈರಾಯ್ಡ್ ಕಮ್ಮಿ ಇದೆಯಾ ಅಂತ ನೋಡುವ ಪರೀಕ್ಷೆ ಅದು. ಥೈರಾಯ್ಡ್ ಗ್ರಂಥಿ ಸರಿಯಾಗಿ ಕೆಲಸ ಮಾಡದಿದ್ದರೆ ರಕ್ತದಲ್ಲಿ ಟಿಎಸ್‌ಎಚ್ ಅನ್ನುವ ಹಾರ್ಮೋನ್ ಏರುತ್ತದೆ. ಆದರೆ ಮೊದಲ ದಿನ ಎಲ್ಲ ಕೂಸುಗಳಿಗೂ ಅದು ತಾನಾಗಿಯೇ ಏರಿರುತ್ತದಂತೆ. 48 ಗಂಟೆ ಕಳೆದರೆ ಸರಿಯಾದ ಲೆಕ್ಕ ಸಿಗುತ್ತದೆ. ಕುಂದಗೋಳದ ತವರಿಗೆ ಬಂದವಳನ್ನು ಮತ್ತೆ ಕಳಿಸಲು ಅವ್ವನಿಗೆ ಮನಸ್ಸಿರಲಿಲ್ಲ. "ಹಸಿ ಬಾಣಂತಿ, ಗಾಳಿಗೆ ಹೊರಬೀಳಬಾರದು. ಕೂಸು ಚೊಲೋ ಐತಲ್ಲ, ಯಾಕ ಸೂಜಿ ಚುಚ್ಚಸ್ತೀ?" ಅಂದಳು. ಕೂಸು ನಿಜಕ್ಕೂ ಚೊಲೋ ಇತ್ತು. 2.9 ಕೆಜಿ.

ನಾನು ಹಟ ಹಿಡಿದದ್ದು ಸವಣೂರಿನ ದೊಡ್ಡವ್ವನ ಮಗನನ್ನು ನೆನೆದು. ಹುಟ್ಟಿದಾಗ ಅವನಷ್ಟು ಶಾಣ್ಯಾ ಕೂಸು ಇರಲಿಲ್ಲ ಅಂತ ಮನೆಯಲ್ಲಿ ಈಗಲೂ ಹೇಳುತ್ತಾರೆ. ಅಳುತ್ತಿರಲಿಲ್ಲ. ಎಬ್ಬಿಸಿ ಹಾಲು ಕುಡಿಸಬೇಕಿತ್ತು. ಕಾಮಾಲೆ ತಿಂಗಳಾದರೂ ಇಳಿಯಲಿಲ್ಲ, ಹೊಕ್ಕಳು ಉಬ್ಬಿತ್ತು, ನಾಲಿಗೆ ತುಸು ಹೊರಗೆ. ಒಂದೊಂದಕ್ಕೂ ಒಂದೊಂದು ಮನೆಮದ್ದು ಆಯಿತು. ಥೈರಾಯ್ಡ್ ಕಮ್ಮಿ ಅಂತ ಗೊತ್ತಾದಾಗ ಅವನಿಗೆ ನಾಲ್ಕು ವರ್ಷ. ಮಾತ್ರೆ ಶುರುವಾದ ಮೇಲೆ ಎತ್ತರ ಬೆಳೆದ. ಮಿದುಳು ಬೆಳೆಯಬೇಕಿದ್ದ ದಿನಗಳು ಮಾತ್ರ ಕಳೆದುಹೋಗಿದ್ದವು. ಈಗ ಅವನಿಗೆ ಮೂವತ್ತರ ಹತ್ತಿರ. ಅಂಗಡಿಗೆ ಕಳಿಸುವಾಗ ದೊಡ್ಡವ್ವ ಚೀಟಿಯೊಳಗೆ ಸರಿಯಾಗಿ ಎಣಿಸಿದ ದುಡ್ಡು ಸುತ್ತಿ ಕೊಡುತ್ತಾಳೆ.

ನರ್ಸ್ ಅಕ್ಕ ಮಗಳ ಪಾದವನ್ನು ಬೆಚ್ಚಗೆ ಹಿಡಿದು, ಹಿಮ್ಮಡಿಯ ಅಂಚಿನಲ್ಲಿ ಚುಚ್ಚಿದರು. ಮೊದಲ ಹನಿ ಹತ್ತಿಯಿಂದ ಒರೆಸಿದರು. ಆಮೇಲಿನ ಹನಿಗಳನ್ನು ದಪ್ಪ ಕಾಗದದ ಮೇಲಿನ ದುಂಡು ಗೆರೆಗಳೊಳಗೆ ಒಂದೊಂದಾಗಿ ಇಳಿಸಿದರು. ಹಿಂದೆ ತಿರುಗಿಸಿ, ರಕ್ತ ಆಚೆಗೂ ಇಳಿದಿದೆಯಾ ಅಂತ ನೋಡಿದರು. ಅಷ್ಟೇ ಪರೀಕ್ಷೆ. ಮಗಳು ಅರೆಗಳಿಗೆ ಕೊಸರಾಡಿ ಮತ್ತೆ ಮಲಗಿಬಿಟ್ಟಳು. ಆ ನಿದ್ದೆ ನೋಡಿ ನನಗೆ ದಿಗಿಲಾಯಿತು.

ಐದನೇ ದಿನದ ಐದೇಶಿ ಪೂಜೆ ಮುಗಿದು ನಾಲ್ಕು ದಿನಕ್ಕೆ ಆಸ್ಪತ್ರೆಯಿಂದ ಫೋನ್ ಬಂತು. ಟಿಎಸ್‌ಎಚ್ 92. 20 ದಾಟಿದರೇ ಮತ್ತೆ ನೋಡಬೇಕಾಗುತ್ತದೆ. ರಿಪೋರ್ಟ್ ಎರಡು ದಿನ ಮುಂಚೆಯೇ ಬಂದಿತ್ತು, ನಮ್ಮವರ ಮೊಬೈಲ್ ನಂಬರಿನಲ್ಲಿ ಒಂದು ಅಂಕಿ ತಪ್ಪು ಬರೆದುಕೊಂಡಿದ್ದರು. ಈ ಕಾಯಿಲೆಯಲ್ಲಿ ಎರಡು ವಾರದೊಳಗೆ ಔಷಧ ಶುರುವಾಗಬೇಕು. ಆ ಎರಡು ದಿನದ ಸಿಟ್ಟು ನನಗಿನ್ನೂ ಇಳಿದಿಲ್ಲ. ನಿಮ್ಮ ನಂಬರನ್ನು ನೀವೇ ಓದಿ ನೋಡಿ, ದಯವಿಟ್ಟು.

ಅವ್ವ ಅಳುತ್ತಾ, "ಶೆಟಿವೆವ್ವ ಬರದದ್ದು ತಪ್ಪತದೇನು" ಅಂದಳು. "ಹಣೆಬರಹ ಅಲ್ಲಬೇ, ಇದಕ್ಕ ಮಾತ್ರಿ ಐತಿ" ಅಂದೆ. ಕೈನರದ ರಕ್ತದಲ್ಲೂ ಅದೇ ಬಂತು. ಅವತ್ತೇ ಮಾತ್ರೆ ಶುರು.

ನಮ್ಮ ದೇಶದಲ್ಲಿ ಹೆಚ್ಚುಕಮ್ಮಿ 1000 ಕೂಸುಗಳಲ್ಲಿ ಒಂದಕ್ಕೆ ಇದು ಇರುತ್ತದೆ. ಬೆಂಗಳೂರಿನಲ್ಲಿ ನವಜಾತ ಶಿಶುಗಳ ರಕ್ತ ಪರೀಕ್ಷೆಯ ಪ್ರಯೋಗ ಶುರುವಾಗಿದ್ದು 1980ರಲ್ಲಿ, ಅದು ಬೇರೆ ಕಾಯಿಲೆಗಳಿಗೆ. ಕೇರಳದ ಸರ್ಕಾರಿ ಹೆರಿಗೆ ಆಸ್ಪತ್ರೆಗಳಲ್ಲಿ ಥೈರಾಯ್ಡ್ ಪರೀಕ್ಷೆಯೂ ಆಗುತ್ತದೆ. ನಮ್ಮ ಕಡೆ ಪ್ರತಿಯೊಂದು ಕೂಸಿಗೂ ಆಗಲೇಬೇಕು ಅಂತ ನಾನು ಕೇಳುತ್ತೇನೆ. ಮರುದಿನವೇ ಟೆಂಪೋ ಹತ್ತಿ ಊರಿಗೆ ಹೋದ ಬಾಣಂತಿ ಮೂರನೇ ದಿನ ಹೇಗೆ ವಾಪಸ್ ಬರಬೇಕು? ಆಶಾ ಕಾರ್ಯಕರ್ತೆ ಹೇಗೂ ಮನೆಗೆ ಬರುತ್ತಾರಲ್ಲ, ನೆನಪು ಮಾಡುವುದಾದರೂ ಆಗಬಹುದು. ಅಲ್ಲಿಯವರೆಗೆ ನೀವೇ ಬಾಯಿ ಬಿಟ್ಟು ಕೇಳಿ.

ತೊಟ್ಟಿಲಿಗೆ ದೊಡ್ಡವ್ವ ಬಂದಿದ್ದಳು. ಬೆಳಿಗ್ಗೆ ನಾನು 25 ಮೈಕ್ರೋಗ್ರಾಂನ ಒಂದೂವರೆ ಮಾತ್ರೆಯನ್ನು ಎರಡು ಚಮಚದ ನಡುವೆ ಒತ್ತಿ ಪುಡಿ ಮಾಡಿ, ನಾಲ್ಕು ಹನಿ ಎದೆಹಾಲಲ್ಲಿ ಕಲಸುತ್ತಿದ್ದೆ. ಅವಳು ಪಕ್ಕ ಬಂದು ಕೂತಳು. ಚಮಚವನ್ನೇ ನೋಡಿದಳು.

"ಇಷ್ಟ ಏನವಾ?"

"ಇಷ್ಟ, ದೊಡ್ಡವ್ವ."

ಚಮಚ ನನ್ನ ಕೈಯಿಂದ ತಗೊಂಡು, ತಳದಲ್ಲಿ ಉಳಿದ ಪುಡಿಯನ್ನು ಬೆರಳಿನಿಂದ ಬಳಿದು, ಅವಳೇ ಮಗಳ ಬಾಯಿಗೆ ಇಟ್ಟಳು.